ಆಳೆತ್ತರ

ದಾಕ್ಷಾಯಿಣಿ ಮದುವೆಯಾಗಿ ನಮ್ಮೂರಿಗೆ ಬಂದ ಮಾರನೆಯ ಬೆಳಿಗ್ಗೆ ಅವಳ ಅತ್ತೆ ಕುಡಿಯೋಕೆ ಕಾಫಿ ಕೊಟ್ಟರು. ಅವಳು ಲೋಟ ಕೆಳಗಿಡುವಷ್ಟರಲ್ಲಿ ಕೈಗೆ ಸಮ್ಮಟಿಗೆಯನ್ನೂ ಕೊಟ್ಟರು. ಐದು ಕೆಜಿ ತೂಕದ ಕಬ್ಬಿಣದ ತಲೆ, ಸೊಂಟದ ತನಕ ಬರುವ ಹಿಡಿ. "ಅಂಗಳ ಕುಟ್ಟಿ ಬಾಮ್ಮ, ನೂರಿಪ್ಪತ್ತು ಏಟು. ಎಣಿಸೋಕೆ ಬರುತ್ತಲ್ಲ?" ಅಂದರು. ಹುಡುಗಿ ಬಿ.ಕಾಂ. ಮಾಡಿದವಳು. ಬರುತ್ತೆ ಅಂದಳು. ಕೈಮೇಲಿನ ಮದರಂಗಿ ಇನ್ನೂ ಮಾಸಿರಲಿಲ್ಲ.

ನಮ್ಮೂರಿನ ನೆಲ ಏಳುತ್ತದೆ. ಕುಟ್ಟದೆ ಬಿಟ್ಟರೆ ದಿನಕ್ಕೆ ಮೂರು ಬೆರಳು ಮೇಲೇಳುತ್ತದೆ. ಅಂಗಳ, ಮನೆ, ಮನೆಯೊಳಗಿನ ಜನ ಎಲ್ಲವನ್ನೂ ಎತ್ತಿಕೊಂಡೇ ಏಳುತ್ತದೆ. ಹಾಗಾಗಿ ಬೇರೆ ಊರುಗಳಲ್ಲಿ ಅಂಗಳಕ್ಕೆ ನೀರು ಹಾಕುವ ಹೊತ್ತಿನಲ್ಲಿ ನಮ್ಮಲ್ಲಿ ಬೀದಿಯುದ್ದಕ್ಕೂ ಧಪ್ ಧಪ್ ಎಂಬ ಸದ್ದು. ಅದಾದ ಮೇಲೆ ನೀರು, ಆಮೇಲೆ ರಂಗೋಲಿ. ಹಿಂದೊಮ್ಮೆ ಭೂಮಿಯ ವಿಷಯ ಓದಿದವರು ನಾಲ್ಕು ಜನ ಬಂದು ಛತ್ರದಲ್ಲಿ ಇಳಿದು, ಗಾಜಿನ ಸೀಸೆಗಳಲ್ಲಿ ಮಣ್ಣು ತುಂಬಿಕೊಂಡರು. ಆ ವಾರ ಛತ್ರದ ಅಂಗಳ ಕುಟ್ಟುವವಳು ತವರಿಗೆ ಹೋಗಿದ್ದಳು. ನಾಲ್ಕನೆಯ ದಿನ ಅವರಲ್ಲೊಬ್ಬರು ಅಂಗಳದಿಂದಾಚೆ ಕಾಲಿಟ್ಟು ಕೆಳಗೆ ಬಿದ್ದು ಕಾಲು ಉಳುಕಿಸಿಕೊಂಡರು. ಅವರ ವರದಿಯಲ್ಲಿ 'ಇಲ್ಲಿನ ಜನ ಶ್ರಮಜೀವಿಗಳು' ಎಂದು ಬರೆದಿದೆಯಂತೆ.

ಶ್ರಮಜೀವಿಗಳು ಅಂದರೆ ಹೆಂಗಸರು. ಯಾರೂ ಕೂತು ಮಾಡಿದ ಕಟ್ಟಳೆಯಲ್ಲ, ಹಾಗೇ ನಡೆದುಬಂದಿದೆ. ನಮ್ಮೂರಿನ ಗಂಡಸರಿಗೆ ಮದುವೆಯಾದ ವಾರದೊಳಗೆ ಸೊಂಟನೋವು ಶುರುವಾಗುತ್ತದೆ. ದಾಕ್ಷಾಯಿಣಿಯ ಗಂಡ ಉಮಾಪತಿ ನನ್ನ ಜೊತೆ ಓದಿದವನು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನಿಗಂತೂ ತಾಳಿ ಕಟ್ಟಿ ಏಳುವಾಗಲೇ ಸೊಂಟ ಹಿಡಿದುಕೊಂಡಿತ್ತು. ನನ್ನ ಮನೆಯಲ್ಲಿ ಯಾರು ಕುಟ್ಟುತ್ತಾರೆ ಎಂಬುದು ಈ ಕಥೆಗೆ ಬೇಡದ ವಿಷಯ.

ನೆಲ ಆಳೆತ್ತರ ಮುಟ್ಟಿತು ಅಂದರೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಯಾವ ಸಮ್ಮಟಿಗೆಗೂ ಬಗ್ಗುವುದಿಲ್ಲ, ತನ್ನ ಪಾಡಿಗೆ ಏಳುತ್ತಲೇ ಹೋಗುತ್ತದೆ. ಪುರಸಭೆಯವರು ಬಂದು ಬಾಗಿಲಿಗೆ ಕೆಂಪು ಗೆರೆ ಎಳೆದು ಮನೆ ಖಾಲಿ ಮಾಡಿಸುತ್ತಾರೆ. ಕೆರೆಯ ಕಡೆ ಅಂಥ ಮೂರು ಮನೆಗಳಿವೆ. ತೆಂಗಿನಮರಕ್ಕಿಂತ ಮೇಲಿವೆ. ಈಗ ಪಾರಿವಾಳಗಳು ಸಂಸಾರ ಮಾಡುತ್ತವೆ. ಆದ್ದರಿಂದ ನಮ್ಮಲ್ಲಿ ಯಾರನ್ನಾದರೂ 'ಎತ್ತರದವರು' ಅಂದರೆ ಬೈದ ಹಾಗೆ.

ನನ್ನದು ಟೈಲರ್ ಅಂಗಡಿ, ಉಮಾಪತಿಯ ಮನೆಯ ಎದುರಿಗೇ. ಮಧ್ಯಾಹ್ನ ಎರಡು ಗಂಟೆ ಹೊತ್ತು ದಾಕ್ಷಾಯಿಣಿ ಬಂದು ಸೀರೆ, ಲಂಗಗಳ ಅಂಚು ಮಡಿಸಿ ಹೆಮ್ಮಿಂಗ್ ಮಾಡಿಕೊಡುತ್ತಾಳೆ. ಮಾತು ಕಡಿಮೆ. ಆದರೆ ಸೂಜಿ ಹಿಡಿದು ಕೂತವರು ಎಷ್ಟು ಅಂತ ಸುಮ್ಮನಿರುತ್ತಾರೆ? ಹಾಗೆ ನನಗೆ ತಿಳಿದದ್ದು ಇದು.

ಹೋದ ವರ್ಷ ಲೋಹಿತ್ ಎಂಬ ಹುಡುಗ ಎಲ್ಲಿಂದಲೋ ಬಂದು, ಮುಚ್ಚಿಹೋದ ಎಣ್ಣೆ ಮಿಲ್ಲಿನಲ್ಲಿ ವ್ಯಾಯಾಮಶಾಲೆ ತೆರೆದ. ನಡುವೆ ಲಾರಿಯ ಹಳೇ ಟೈರುಗಳು, ಗೋಡೆಗೆ ಸಾಲಾಗಿ ಆನಿಸಿದ ಹೊಚ್ಚ ಹೊಸ ಸಮ್ಮಟಿಗೆಗಳು. ಬಾಗಿಲ ಮೇಲೆ 'ಸ್ಟ್ರೆಂತ್ ಅಂಡ್ ಕಂಡೀಷನಿಂಗ್' ಎಂಬ ಬೋರ್ಡು. ಸಮ್ಮಟಿಗೆ ಎತ್ತಿ ಟೈರಿಗೆ ಬಡಿಯುವುದು, ಅದೇ ಕಸರತ್ತು. ಇದರಿಂದ ಭುಜ, ಬೆನ್ನು, ಹೊಟ್ಟೆ, ಉಸಿರು ಎಲ್ಲ ಒಟ್ಟಿಗೆ ಗಟ್ಟಿಯಾಗುತ್ತದೆಂದು ಅವನು ಊರ ಗಂಡಸರನ್ನು ಕೂರಿಸಿಕೊಂಡು ವಿವರಿಸಿದ. ಎಲ್ಲರೂ ತಲೆದೂಗಿದರು. ಇಂಥದ್ದೊಂದು ಪ್ರಪಂಚದಲ್ಲಿದೆ ಅಂತಲೇ ಗೊತ್ತಿರಲಿಲ್ಲ ಅಂದರು. ಅದೇ ಹೊತ್ತಿಗೆ ಮಿಲ್ಲಿನ ಪಕ್ಕದ ಮನೆಯಲ್ಲಿ ಎಪ್ಪತ್ತರ ಮುದುಕಿಯೊಬ್ಬರು ಅಂಗಳ ಕುಟ್ಟುತ್ತಿದ್ದರು. ಸದ್ದು ಜಾಸ್ತಿಯಾಗುತ್ತೆ ಅಂತ ಒಳಗಿದ್ದವರು ಕಿಟಕಿ ಮುಚ್ಚಿಸಿದರು.

ಮಿಲ್ಲಿನ ನೆಲವೂ ಏಳಬೇಕಲ್ಲ, ಎದ್ದಿತು. ಪಕ್ಕದ ಮುದುಕಿಯ ಏಟು ಅಷ್ಟಿಷ್ಟು ಅಲ್ಲಿಗೂ ತಾಗುತ್ತಿದ್ದದ್ದರಿಂದ ನಿಧಾನವಾಗಿ, ವಾರಕ್ಕೆ ಮೂರು ಬೆರಳಿನಂತೆ ಎದ್ದಿತು. ಟೈರು ಏಟನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ, ನೆಲಕ್ಕೆ ಏನೂ ಮುಟ್ಟುವುದಿಲ್ಲ. ಹೊಸ್ತಿಲು ಮೊಣಕಾಲೆತ್ತರವಾದಾಗ ಲೋಹಿತ್ ಗಾಬರಿಯಾಗಲಿಲ್ಲ. "ಇದು ಬಾಕ್ಸ್ ಜಂಪ್, ಕಾಲಿಗೆ ತುಂಬಾ ಒಳ್ಳೇದು" ಅಂದ. ಅಂದಿನಿಂದ ಎಲ್ಲರೂ ಒಳಗೆ ಹೋಗುವಾಗ ಎರಡೂ ಕಾಲು ಜೋಡಿಸಿ ಹಾರುತ್ತಿದ್ದರು.

ಉಮಾಪತಿಗೆ ಸಕ್ಕರೆ ಕಾಯಿಲೆ ಶುರುವಾಗಿ, ಡಾಕ್ಟರು ಮೈ ಬಗ್ಗಿಸಬೇಕು ಅಂದಿದ್ದರು. ಸೇರಿಕೊಂಡ. ಎರಡು ತಿಂಗಳಲ್ಲಿ ಆದದ್ದನ್ನು ಕಣ್ಣಾರೆ ನೋಡಿದ್ದೇನೆ. ಅವನ ಅಂಗಿಗಳ ತೋಳನ್ನು ಎರಡು ಸಲ ನಾನೇ ಬಿಚ್ಚಿ ದೊಡ್ಡದು ಮಾಡಿದೆ. ಇಪ್ಪತ್ತಾರು ವರ್ಷದ ಸೊಂಟನೋವು ಮಾಯವಾಯಿತು. ಮನೆಯ ಪಡಸಾಲೆಯಲ್ಲಿ ದೇವರ ಕ್ಯಾಲೆಂಡರ್ ಪಕ್ಕದಲ್ಲೇ ಚರ್ಮ ಸುಲಿದ ಮನುಷ್ಯನೊಬ್ಬನ ಪಟ ತಂದು ಹಾಕಿದ. ಭುಜದಲ್ಲಿ ಎಷ್ಟು ಸ್ನಾಯುಗಳಿವೆ, ಯಾವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಹೋದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದ.

ಒಂದು ಬೆಳಿಗ್ಗೆ ಶಾಲೆಯಿಂದ ಬಂದವನು (ವ್ಯಾಯಾಮಶಾಲೆಗೆ ಅವರೆಲ್ಲ ಹಾಗೇ ಅನ್ನುತ್ತಿದ್ದರು) ಅಂಗಳದ ಅಂಚಿನಲ್ಲಿ ನಿಂತು ಹೆಂಡತಿ ಕುಟ್ಟುವುದನ್ನು ನೋಡಿದ. ಅಷ್ಟು ವರ್ಷಗಳಲ್ಲಿ ಅವನು ನಿಂತು ನೋಡಿದ್ದು ಅದೇ ಮೊದಲಂತೆ. ದಾಕ್ಷಾಯಿಣಿಗೆ ಒಂದು ಕ್ಷಣ ನಾಚಿಕೆಯೇ ಆಯಿತಂತೆ.

"ನಿನ್ನ ಗ್ರಿಪ್ಪೇ ತಪ್ಪು ಕಣೇ" ಅಂದ.

"ಏನು ತಪ್ಪು?"

"ಮೇಲಿನ ಕೈ ಜಾರಬೇಕು. ಏಟು ತೋಳಿಂದ ಬರಬಾರದು, ಸೊಂಟದಿಂದ ಬರಬೇಕು. ಉಸಿರು ಬಿಡ್ತಾನೂ ಇಲ್ಲ ನೀನು."

ಅವಳು ಸಮ್ಮಟಿಗೆಯನ್ನು ಅವನ ಕಡೆ ಚಾಚಿದಳು. "ತೋರಿಸಿ ಹಾಗಾದ್ರೆ."

"ಈಗ ನನ್ನ ರೆಸ್ಟ್ ಟೈಮ್" ಅಂದು ಉಮಾಪತಿ ಒಳಗೆ ಹೋಗುತ್ತಾ ಅವಳಿಗೇ ನಾಲ್ಕು ಮೊಟ್ಟೆ ಬೇಯಿಸಲು ಹೇಳಿದ. ಲಿಂಗಾಯತರ ಮನೆಯಲ್ಲಿ ಮೊಟ್ಟೆಗೂ ಬೇರೆ ಪಾತ್ರೆ ಬಂದಿತ್ತು ಅಷ್ಟೊತ್ತಿಗೆ.

ಇದಾಗಿ ಹತ್ತು ದಿನಕ್ಕೆ ದಾಕ್ಷಾಯಿಣಿಯ ಬಲಭುಜ ಕೈಕೊಟ್ಟಿತು. ತೊಂಬತ್ತನೆಯ ಏಟಿಗೆ ಒಳಗೆ ಏನೋ ಹರಿದಂತಾಗಿ ಸಮ್ಮಟಿಗೆ ಕೈಬಿಟ್ಟಿತು. ಡಾಕ್ಟರು ಪಟ್ಟಿ ಕಟ್ಟಿ, ಎರಡು ವಾರ ಒಂದು ತುಂಬಿದ ಚೊಂಬನ್ನೂ ಎತ್ತಬೇಡಿ ಅಂದರು. ಸಂಜೆ ಅವಳು ಗಂಡನಿಗೆ ಹೇಳಿದಳು, "ರೀ, ನಾಳೆಯಿಂದ ಅಂಗಳ ನೀವು ನೋಡ್ಕೋಬೇಕು."

ಉಮಾಪತಿ ತುಂಬ ಯೋಚಿಸಿದ. ಅವನು ಕೆಟ್ಟವನಲ್ಲ, ನಿಜವಾಗಿಯೂ ಯೋಚಿಸಿದ. ಮಿಲ್ಲಿಗೆ ಹೋಗಿ ಲೋಹಿತ್‌ನನ್ನೂ ಕೇಳಿಕೊಂಡು ಬಂದ. "ನೆಲ ಗಟ್ಟಿ ಕಣೇ. ಟೈರಾದರೆ ಏಟನ್ನು ತಡಕೊಳ್ಳುತ್ತೆ, ನೆಲ ಎಲ್ಲಾನೂ ಮಣಿಕಟ್ಟಿಗೆ ವಾಪಸು ಕೊಡುತ್ತಂತೆ. ಇನ್ನೊಂದು ತಿಂಗಳಿಗೆ ಕಾಂಪಿಟಿಷನ್ ಇದೆ. ಈಗ ಕೈಗೇನಾದ್ರೂ ಆದರೆ ಇಷ್ಟು ದಿನದ ಶ್ರಮ ವ್ಯರ್ಥ. ಅದೊಂದು ಮುಗಿದುಬಿಡಲಿ."

ಅವಳು ಆಯ್ತು ಅಂದಳು.

ಮನೆ ಏಳತೊಡಗಿತು. ಮೊದಲ ವಾರ ಒಂದು ಕಲ್ಲು ಇಟ್ಟರು, ಎರಡನೆಯ ವಾರ ಅದರ ಮೇಲೊಂದು ಸ್ಟೂಲು, ಆಮೇಲೆ ಏಣಿ. ನಲ್ಲಿಯ ಪೈಪು ಕಿತ್ತುಬಂತು, ಪ್ಲಂಬರ್ ಬಂದು ರಬ್ಬರ್ ಪೈಪು ಜೋಡಿಸಿ ಹೋದ. ಹಾಲಿನವನು ಹಾಲನ್ನು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಮೇಲೆ ಕಳಿಸುತ್ತಿದ್ದ. ಬೀದಿಯ ಹೆಂಗಸರು ಹೋಗುತ್ತಾ ಬರುತ್ತಾ ಕತ್ತೆತ್ತಿ ನೋಡಿ, ಪಾಪ ಅನ್ನುತ್ತಿದ್ದರು. ಇಬ್ಬರು ತಾವೇ ಬಂದು ಕುಟ್ಟಿಕೊಡುತ್ತೇವೆ ಅಂದರು. ದಾಕ್ಷಾಯಿಣಿ ಬೇಡ ಅಂದಳು. "ಅವರ ಕಾಂಪಿಟಿಷನ್ ಮುಗೀಲಿ" ಅಂದಳು.

ಅವಳು ದಿನಾ ಏಣಿ ಇಳಿದು ಹೆಮ್ಮಿಂಗಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಮೇಲಿನ ಹಲಗೆಯಿಂದ ಬಟ್ಟೆಯ ಥಾನೊಂದು ಜಾರಿತು. ನಾನು ಕುರ್ಚಿಯಿಂದೇಳುವ ಮೊದಲೇ ದಾಕ್ಷಾಯಿಣಿ ಬಲಗೈ ಮೇಲೆತ್ತಿ ಅದನ್ನು ಹಿಡಿದು, ಅನಾಯಾಸವಾಗಿ ತಲೆಯ ಮೇಲಿನ ಹಲಗೆಗೆ ವಾಪಸು ಇಟ್ಟಳು. ಆಮೇಲೆ ನನ್ನ ಕಡೆ ನೋಡಿದಳು.

"ಯಾವಾಗ ವಾಸಿಯಾಯ್ತಮ್ಮ?" ಅಂದೆ.

"ಆಯ್ತು ಪಾಂಡಣ್ಣ, ಒಂದು ವಾರ."

"ಉಮಾಪತಿಗೆ ಹೇಳಿದೆಯಾ?"

"ಕೇಳಿದರೆ ಹೇಳ್ತೀನಿ."

"ಇನ್ನು ಹತ್ತು ಹನ್ನೆರಡು ದಿನಕ್ಕೆ ಆಳೆತ್ತರ ಆಗುತ್ತೆ."

"ಗೊತ್ತು, ದಿನಾ ಅಳೀತೀನಿ." ಅವಳು ಸೂಜಿಗೆ ದಾರ ಪೋಣಿಸಿದಳು. ತುದಿಗೆ ಗಂಟು ಹಾಕುತ್ತಾ ಅಂದಳು, "ಮೇಲೆ ಒಳ್ಳೇ ಗಾಳಿ ಪಾಂಡಣ್ಣ. ಬಸ್ ಸ್ಟ್ಯಾಂಡಿನ ಆಚೆ ಕೆರೆ ಕಾಣುತ್ತೆ. ನಮ್ಮೂರ ಕೆರೆ ಬಿಲ್ಲಿನ ಹಾಗೆ ಬಗ್ಗಿದೆ. ಇಷ್ಟು ವರ್ಷ ಇದ್ದು ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಆರೂವರೆ ತನಕ ಮಲಗಿರ್ತೀನಿ."

ಈ ಗುಟ್ಟು ಹೊತ್ತುಕೊಂಡು ನನಗೆ ಅಂಗಡಿಯಲ್ಲಿ ಕೂರುವುದೇ ಕಷ್ಟವಾಯಿತು. ಉಮಾಪತಿ ಬಂದು ತನ್ನ ಭುಜದ ಡೆಲ್ಟಾಯ್ಡ್ ಸ್ನಾಯುವಿನ ಸಮಾಚಾರ ಹೇಳುತ್ತಾ ನಿಂತರೆ, ಹೇಳಿಬಿಡಲೇ ಅನಿಸುತ್ತಿತ್ತು. ಒಮ್ಮೆ, "ಮನೆಯಲ್ಲಿ ಭುಜ ಹೇಗಿದೆಯೋ?" ಅಂತ ಅವನ ಬಾಯಿಗೇ ಇಟ್ಟೆ. "ಸೂಪರ್ ಕಣೋ, ನೋಡು" ಅಂದು ತನ್ನ ತೋಳು ಮಡಿಸಿ ತೋರಿಸಿದ.

ಪಂದ್ಯ ನಡೆದದ್ದು ಭಾನುವಾರ ಬೆಳಿಗ್ಗೆ. ಹತ್ತು ನಿಮಿಷದಲ್ಲಿ ಯಾರು ಹೆಚ್ಚು ಏಟು ಹಾಕುತ್ತಾರೋ ಅವರಿಗೆ ಬಹುಮಾನ. ಊರ ಗಂಡಸರೆಲ್ಲ ಎದೆಮಟ್ಟದ ಹೊಸ್ತಿಲು ಹತ್ತಿ ಒಳಗೆ ಸೇರಿದ್ದರು. ಯೂನಿಫಾರಂ ಹೊಲಿದವನೆಂದು ನನ್ನನ್ನೂ ಕೈಹಿಡಿದು ಮೇಲೆಳೆದುಕೊಂಡರು. ಸುಳ್ಳು ಹೇಳಬಾರದು, ಉಮಾಪತಿಯನ್ನು ನೋಡಲು ಚೆನ್ನಾಗಿತ್ತು. ಸಮ್ಮಟಿಗೆ ಬೆನ್ನ ಹಿಂದಿನಿಂದ ವೃತ್ತವಾಗಿ ಬಂದು ಟೈರಿಗೆ ಬಡಿದು, ಚೆಂಡಿನಂತೆ ತಾನೇ ಮೇಲೆ ಪುಟಿಯುತ್ತಿತ್ತು. ಐವತ್ತೆರಡು ವರ್ಷದ ಗುಮಾಸ್ತ ಇನ್ನೂರ ಏಳು ಏಟು ಹಾಕಿದ. ಲೋಹಿತ್ ಅವನ ಕೈಯನ್ನು ಮೇಲೆತ್ತಿ ಹಿಡಿದ. ಚಿನ್ನದ ಬಣ್ಣದ ಪದಕ, ಹೂವಿನ ಹಾರ. ಎಲ್ಲರೂ ಮೆರವಣಿಗೆಯಲ್ಲಿ ಅವನನ್ನು ಮನೆಯ ತನಕ ಬಿಟ್ಟುಬರೋಣವೆಂದು ಹೊರಟರು.

ಮನೆಯ ಅಂಗಳದಲ್ಲಿ, ಅಂದರೆ ನಮ್ಮ ತಲೆಯ ಮಟ್ಟದಲ್ಲಿ, ಪುರಸಭೆಯ ಹಾಲಪ್ಪ ಕುಕ್ಕರುಗಾಲಲ್ಲಿ ಕೂತು ರಸಮಟ್ಟ ಇಟ್ಟು, ಬೀದಿಗೆ ಟೇಪು ಇಳಿಬಿಟ್ಟು ಅಳೆಯುತ್ತಿದ್ದರು. ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬ, ಕುಂಚ.

"ಕಂಗ್ರಾಜುಲೇಷನ್ಸ್ ಉಮಾಪತಿಯವರೇ" ಅಂದರು ಹಾಲಪ್ಪ, ಪದಕ ನೋಡಿ. "ಆಳೆತ್ತರಕ್ಕೆ ಇನ್ನು ಎರಡು ಬೆರಳು ಬಾಕಿ ಇದೆ. ನಾಳೆ ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗುತ್ತೆ. ಬಂದು ಗೆರೆ ಎಳೀತೀನಿ. ಸಾಮಾನು ಕಟ್ಟಿಕೊಂಡರೆ ನಿಮಗೇ ಒಳ್ಳೇದು." ಅವರು ಡಬ್ಬವನ್ನು ಅಲ್ಲೇ ಬಿಟ್ಟು ಏಣಿ ಇಳಿದು ಹೋದರು. ನಾಳೆ ಹೊತ್ತು ತರುವ ಕೆಲಸ ತಪ್ಪುತ್ತದಲ್ಲ.

ಉಮಾಪತಿ ಹಾರದ ಸಮೇತ ಏಣಿ ಹತ್ತಿದ. ದಾಕ್ಷಾಯಿಣಿ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೆಳಗೆ ಮೆರವಣಿಗೆ ಹಾಗೇ ನಿಂತಿತ್ತು. ಯಾರಿಗೂ ಹೋಗಲು ಮನಸ್ಸಿಲ್ಲ.

"ದಾಕ್ಷಾಯಿಣಿ, ಇನ್ನೂ ವಾಸಿಯಾಗಿಲ್ವೇನೇ ನಿನ್ನ ಭುಜ?"

"ಆಯ್ತು, ಹದಿನೆಂಟು ದಿನ."

ಅವನು ಬೆರಳು ಮಡಿಸಿ ಎಣಿಸಿದ. "ಮತ್ತೆ ಯಾಕೆ ಕುಟ್ಟಲಿಲ್ಲ?"

"ನೀವ್ಯಾಕೆ ಕುಟ್ಟಲಿಲ್ಲ?"

"ನನಗೆ ಕಾಂಪಿಟಿಷನ್ ಇತ್ತಲ್ಲೇ!"

"ಮುಗೀತಲ್ಲ ಈಗ."

"ಮನೆ ಹೋಗುತ್ತೆ ಕಣೇ! ಅಪ್ಪ ಕಟ್ಟಿಸಿದ ಮನೆ!"

ದಾಕ್ಷಾಯಿಣಿ ಸಿಪ್ಪೆಗಳನ್ನು ಮಡಿಲಿನಿಂದ ಕೊಡವಿದಳು. "ನಿಮ್ಮಪ್ಪ ಒಂದು ಸಲ ಕಟ್ಟಿಸಿದ್ರು. ನಾನು ಇಪ್ಪತ್ತಾರು ವರ್ಷ ಇಳಿಸಿದೀನಿ. ಹೋದರೆ ನನಗೂ ಸಂಕಟ ಆಗುತ್ತೆ, ಆಗಲ್ಲ ಅಂತಲ್ಲ. ಆದರೆ ಇವತ್ತು ನಾನು ಎತ್ತಲ್ಲ." ಅವಳು ಏನೂ ಕೂಗಾಡಲಿಲ್ಲ. ಕೆಳಗೆ ನಿಂತವರಲ್ಲಿ ಹಿಂದಿನ ಸಾಲಿನವರಿಗೆ ಕೇಳಿಸಲೂ ಇಲ್ಲ, ಮುಂದಿನವರು ತಿರುಗಿ ಹೇಳಬೇಕಾಯಿತು.

ಸಮ್ಮಟಿಗೆ ಗೋಡೆಗೆ ಒರಗಿತ್ತು. ಉಮಾಪತಿ ಹಾರ ತೆಗೆದ, ಪದಕ ತೆಗೆಯುವುದು ಮರೆತ. ಏಣಿಯ ಪಕ್ಕದ ಮೂಲೆಯಲ್ಲಿ ಕಾಲಗಲಿಸಿ ನಿಂತು, ಕಲಿತ ಹಾಗೆಯೇ ಬೀಸಿದ. ಮೊದಲ ಏಟಿಗೇ ಅವನ ಮುಖ ನೋಡಬೇಕಿತ್ತು. ನೆಲ ಪುಟಿಸುವುದಿಲ್ಲ. ಬಿದ್ದದ್ದು ಅಲ್ಲೇ ಇರುತ್ತದೆ, ಪ್ರತಿ ಸಲವೂ ನಾವೇ ಎತ್ತಬೇಕು. ಇಷ್ಟು ದಿನ ಅರ್ಧ ಕೆಲಸವನ್ನು ಟೈರೇ ಮಾಡುತ್ತಿತ್ತು ಅನ್ನುವುದು ಅವನಿಗೆ ಅಲ್ಲಿ ತಿಳಿಯಿತು.

"ಹಿಪ್ಸ್ ಸರ್, ಹಿಪ್ಸ್!" ಅಂತ ಕೆಳಗಿನಿಂದ ಲೋಹಿತ್ ಕೂಗಿದ. ಮೂವತ್ತು ಏಟಿಗೆ ಉಮಾಪತಿ ಬಾಗಿ ನಿಂತ. ನಲವತ್ತಕ್ಕೆ ಅಂಗೈ ಬೊಬ್ಬೆ ಒಡೆಯಿತು. ಉಮಾಪತಿ ಕೂತ, ಎದ್ದ, ಹತ್ತು ಹಾಕಿದ, ಕೂತ. ಗಂಟೆ ಎರಡಾಯಿತು, ಮೂರಾಯಿತು. ಜನ ಮನೆಗೆ ಹೋಗಿ ಊಟ ಮಾಡಿ ಬಂದರು.

ಒಂದು ವಿಷಯ ನಮ್ಮೂರಲ್ಲಿ ಎಲ್ಲ ಹೆಂಗಸರಿಗೂ ಗೊತ್ತು. ನೂರಿಪ್ಪತ್ತು ಅಂದರೆ ನಾಲ್ಕು ಮೂಲೆಗೆ ಮೂವತ್ತರಂತೆ, ಸುತ್ತಿ ಬರಬೇಕು. ಉಮಾಪತಿಗೆ ಯಾರೂ ಅದನ್ನು ಹೇಳಿರಲಿಲ್ಲ. ಅವನು ಟೈರಿನ ಮುಂದೆ ನಿಂತ ಹಾಗೆ ಒಂದೇ ಮೂಲೆಯಲ್ಲಿ ನಿಂತು ಬಡಿಯುತ್ತಿದ್ದ. ಎದುರು ಮನೆಯ ಹೆಂಗಸರು "ಸುತ್ತ ಬನ್ರೀ, ಸುತ್ತ!" ಅಂತ ಕೂಗಿದರು. ಅವನು ಹುರಿದುಂಬಿಸುತ್ತಿದ್ದಾರೆಂದು ತಿಳಿದು ಅಲ್ಲೇ ಇನ್ನೂ ಜೋರಾಗಿ ಹಾಕಿದ. ಸಂಜೆಯ ಹೊತ್ತಿಗೆ ಆ ಮೂಲೆ ಎರಡು ಗೇಣು ಇಳಿಯಿತು. ಉಳಿದ ಮೂರು ಇದ್ದಲ್ಲೇ ಇದ್ದವು. ಮನೆ ಸಲಾಮು ಮಾಡುವವರ ಹಾಗೆ ಬೀದಿಯ ಕಡೆ ಓರೆಯಾಗಿ ಬಾಗಿತು. ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ಸಾಲಾಗಿ ಬಿದ್ದ ಸದ್ದು ಕೇಳಿಸಿತು.

"ನೀನಾದರೂ ಹೇಳಬಾರದಿತ್ತೇನಮ್ಮ?" ಅಂತ ಆಮೇಲೆ ಕೇಳಿದೆ ನಾನು.

"ಹೇಳೋಣ ಅಂತಲೇ ಎದ್ದೆ ಪಾಂಡಣ್ಣ" ಅಂದಳು. "ಆದರೆ ಅವರು ಮಾತಾಡದೆ ಒಂದು ಕೆಲಸ ಮಾಡ್ತಿದ್ದದ್ದು ಅದೇ ಮೊದಲು. ಬಾಯಿ ಬಿಟ್ಟರೆ ಎಲ್ಲಿ ನಿಂತುಬಿಡ್ತಾರೋ ಅನ್ನಿಸ್ತು."

ದೀಪ ಹಚ್ಚುವ ಹೊತ್ತಿಗೆ ಅವನ ಕೈಯಿಂದ ಸಮ್ಮಟಿಗೆ ತಾನಾಗಿಯೇ ಬಿತ್ತು. ದಾಕ್ಷಾಯಿಣಿ ಹಳೇ ಸೀರೆಯ ಅಂಚನ್ನು ಹರಿದು ತಂದು, ಅವನನ್ನು ಹೊಸ್ತಿಲ ಮೇಲೆ ಕೂರಿಸಿ ಅಂಗೈಗೆ ಸುತ್ತಿದಳು. ಕೆಳಗಿದ್ದವರೆಲ್ಲ ಹೋಗಿದ್ದರು. ನಾನು ಅಂಗಡಿಯ ಬಾಗಿಲು ಹಾಕುತ್ತಿದ್ದೆ. ನಿಧಾನವಾಗಿಯೇ ಹಾಕುತ್ತಿದ್ದೆ.

"ದಿನಾ ಹೀಗೇನಾ?" ಅಂದ ಉಮಾಪತಿ.

"ಮೊದಲನೇ ವರ್ಷ ಹೀಗೆ. ಆಮೇಲೆ ಅಷ್ಟು ಗೊತ್ತಾಗಲ್ಲ."

ಅವನು ಅವಳ ಕೈಯನ್ನು ತಿರುಗಿಸಿ ಅಂಗೈ ಮೇಲೆ ಮಾಡಿಕೊಂಡು ಬಗ್ಗಿ ನೋಡಿದ. ಬೆಳಕು ಸಾಲದೆ ಇನ್ನೂ ಹತ್ತಿರ ತಂದುಕೊಂಡ.

"ಏನು, ಭವಿಷ್ಯ ಹೇಳ್ತೀರಾ?" ಅಂದಳು ಅವಳು.

ಉಮಾಪತಿ ಕೈಯನ್ನು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಪ್ಪ ಬಂದು ರಸಮಟ್ಟ ಇಟ್ಟು ತಲೆ ಕೆರೆದುಕೊಂಡರು. ಒಂದು ಮೂಲೆ ಆಳೆತ್ತರಕ್ಕಿಂತ ಕೆಳಗಿದ್ದರೆ ಮನೆ ಗಟ್ಟಿಯಾಗಿದೆ ಅನ್ನಲು ಬರುವುದಿಲ್ಲ, ನಿಯಮ ಹಾಗಿದೆ, ನೆಲವೂ ಹಾಗೇ ನಡೆದುಕೊಳ್ಳುತ್ತದೆ. ಡಬ್ಬ ಎತ್ತಿಕೊಂಡು ವಾಪಸು ಹೋದರು. ಅಂದಿನಿಂದ ಅರವತ್ತು ಏಟು ಅವಳದು, ಅರವತ್ತು ಅವನದು. ಮನೆ ಇಳಿಯುವ ತನಕ ಸಂಜೆಯೂ ಇನ್ನೊಂದು ಸುತ್ತು. ಮನೆಯನ್ನು ಬೀದಿಯ ಮಟ್ಟಕ್ಕೆ ತರಲು ಮಳೆಗಾಲ ಮುಗಿಯಿತು. ಆದರೆ ಆಳೆತ್ತರದ ಹತ್ತಿರ ಒಮ್ಮೆ ಬಿದ್ದ ಓರೆ ಹೋಗುವುದಿಲ್ಲ. ಮನೆ ಇಳಿಯುವಾಗ ಹಾಗೇ ಬಾಗಿಕೊಂಡೇ ಇಳಿಯಿತು. ಉಮಾಪತಿ ಮೇಸ್ತ್ರಿಯನ್ನು ಕರೆಸಿ ಅದನ್ನು ನೇರ ಮಾಡಿಸುತ್ತೇನೆ ಅಂದ. ದಾಕ್ಷಾಯಿಣಿ ಬಿಡಲಿಲ್ಲ. ಮಂಚದ ಕಾಲಿಗೆ, ಕಪಾಟಿನ ಕಾಲಿಗೆ ಮರದ ತುಂಡು ಕೊಟ್ಟುಕೊಂಡು ಇದ್ದಾರೆ.

ಉಮಾಪತಿ ಹಾಗಾದನೆಂದು ಊರ ಗಂಡಸರೆಲ್ಲ ಬದಲಾದರು ಅಂತ ತಿಳಿಯಬೇಡಿ. ಅವನಿಗೆ ಹೆಂಡತಿಯ ಮುಂದೆ ನಾಲಿಗೆಯಿಲ್ಲ ಅಂತ ಆಡಿಕೊಂಡರು. ಮಿಲ್ಲು ಇನ್ನೂ ನಡೆಯುತ್ತಿದೆ. ಹೊಸ್ತಿಲು ಎರಡಾಳೆತ್ತರವಾಗಿ, ಈಗ ಹಗ್ಗ ಹಿಡಿದು ಹತ್ತುವುದನ್ನೂ ಕಸರತ್ತಿಗೆ ಸೇರಿಸಿದ್ದಾರೆ. ಅಲ್ಲಿಗೆ ನೋಟಿಸು ಹಚ್ಚಲು ಹಾಲಪ್ಪನವರಿಗೆ ಕೈ ಎಟುಕುವುದಿಲ್ಲವಂತೆ. ಲೋಹಿತ್ ಒಂದು ದಿನ ಬಂದು ದಾಕ್ಷಾಯಿಣಿ ಕುಟ್ಟುವುದನ್ನು ಮೊದಲಿಂದ ಕೊನೆಯ ತನಕ ನೋಡಿದ. "ಮೇಡಂ, ಇಂಥ ಫಾರ್ಮ್ ನಾನೆಲ್ಲೂ ನೋಡಿಲ್ಲ. ಯಾರ ಹತ್ತಿರ ಕಲಿತದ್ದು?" ಅಂದ. "ಅತ್ತೆ ಹತ್ತಿರ" ಅಂದಳು. ಅವರ ವಿಳಾಸ ಕೊಡಿ ಅಂದ. ಅವರು ಹೋಗಿ ಒಂಬತ್ತು ವರ್ಷವಾಗಿತ್ತು.

ಮೊನ್ನೆ ಉಮಾಪತಿಯ ಹೊಸ ಅಂಗಿಗೆ ಅಳತೆ ತೆಗೆಯಲು ಅವರ ಮನೆಗೇ ಹೋಗಿದ್ದೆ. ಪಡಸಾಲೆಯಲ್ಲಿ ಪಟವಿದ್ದ ಜಾಗ ಖಾಲಿಯಿತ್ತು. ನಾನು ಚೀಲ ಕೆಳಗಿಟ್ಟೊಡನೆ ಅದರೊಳಗಿಂದ ನೀಲಿ ದಾರದ ಉಂಡೆಯೊಂದು ಹೊರಬಿದ್ದು, ಇಳಿಜಾರಿನಲ್ಲಿ ಬಿಚ್ಚಿಕೊಳ್ಳುತ್ತಾ ಉರುಳಿ ಹೋಯಿತು. ಗಂಡ ಹೆಂಡತಿ ಇಬ್ಬರೂ ಗಡಿಬಿಡಿ ಮಾಡಲಿಲ್ಲ. ನಿಂತು ನೋಡಿದರು. ಅದು ಬೀದಿ ಕಡೆಯ ಮೂಲೆಗೆ ಹೋಗಿ, ಅಲ್ಲಿ ಸೇರಿದ್ದ ಒಂದು ಈರುಳ್ಳಿ, ಎರಡು ಗುಂಡಿ, ಒಂದು ಪೆನ್ನಿನ ಪಕ್ಕ ನಿಂತಿತು.

"ನಮ್ಮನೇಲಿ ಏನು ಕಳೆದರೂ ಅಲ್ಲೇ ಸಿಗುತ್ತೆ ಕಣೋ ಪಾಂಡು" ಅಂದ ಉಮಾಪತಿ. ಬಗ್ಗಿ ದಾರವನ್ನು ಸುತ್ತಿಕೊಳ್ಳುತ್ತಾ ಬಂದ. ಅವನು ಉಂಡೆಯನ್ನು ನನ್ನ ಕೈಗಿಟ್ಟಾಗ ಅವನ ಅಂಗೈ ತಗುಲಿತು. ಒರಟು, ಚಪ್ಪಲಿಯ ಅಟ್ಟೆಯ ಹಾಗೆ. ನನ್ನ ಕೈ ಅವನಿಗೆ ಹೇಗನಿಸಿತೋ ಗೊತ್ತಿಲ್ಲ. ಹೂವಿನಂತೆ ಮೆತ್ತಗಿದೆ ಅಂತ ನನ್ನ ಹೆಂಡತಿ ಯಾವಾಗಲೂ ಹೇಳುತ್ತಿರುತ್ತಾಳೆ. ಅಲ್ಲಿಯವರೆಗೆ ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.